ಪಾವ್ಲೋವರ ನಾಯಿಯೂ ನಮ್ಮ ಭಾನುವಾರದ ತರಗತಿಯೂ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಮನಶ್ಶಾಸ್ತ್ರವನ್ನು ಕುರಿತು ಮಾತನಾಡಲು ನಮಗೆ ಅಧಿಕಾರವೇನೂ ಇಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು ನಾವು. ಜಮೆ, ಖರ್ಚು, ಬಾಕಿ ಎಂಬ ಮೂರು ಮಾತುಗಳಲ್ಲಿ ನಮ್ಮ ದಿನ ಸಂದುಹೋಗುತ್ತದೆ. ಹೀಗಿದ್ದೂ ಕಾರ್ಯದರ್ಶಿಗಳ ಮಾತಿಗೆ ಒಪ್ಪಿಕೊಂಡುದಕ್ಕೆ ಎರಡು ಕಾರಣಗಳುಂಟು. ನಮ್ಮ ಮನೆಯವರು ಇಲ್ಲಿಯೇ, ಪುಣೆಯಲ್ಲಿಯೇ, ಬಿ.ಎಡ್. ಪರೀಕ್ಷೆಗೆ ಓದಿದರು; ರಾತ್ರಿ ಊಟವಾದ ಮೇಲೆ ಅವರ ಪಾಠ ಒಪ್ಪಿಸಿಕೊಳ್ಳುವ ಕೆಲಸ ನಮ್ಮದಾಗಿದ್ದಿತು. ಅವರ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ‘ಅಭಿಜಾತ ಅನುಬಂಧನವನ್ನು ಕಲಿಕೆಯ ಒಂದು ಸಿದ್ಧಾಂತವೆಂದು ಪರಿಗಣಿಸಿ ವಿಮರ್ಶಿಸಿರಿ.’ ಹತ್ತು ಅಂಕಗಳ ಪ್ರಶ್ನೆ. ಎರಡನೆಯ ಕಾರಣ, ನಮ್ಮ ಏಳು ವರ್ಷದ ಮಗಳಿಗೆ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಹೊಟ್ಟೆನೋವು. ಆ ಹತ್ತು ಅಂಕಗಳಿಗೂ ಈ ಹೊಟ್ಟೆನೋವಿಗೂ ಸಂಬಂಧವುಂಟೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಹೆಸರು ಕೇಳಿ ಯಾರೂ ಗಾಬರಿಯಾಗಬೇಕಾಗಿಲ್ಲ. ಇಂಗ್ಲಿಷಿನವರು ಕ್ಲಾಸಿಕಲ್ ಕಂಡಿಷನಿಂಗ್ ಎನ್ನುವುದನ್ನು ನಮ್ಮವರು ಅಭಿಜಾತ ಅನುಬಂಧನ ಎಂದರು, ಮರಾಠಿ ಪುಸ್ತಕದಲ್ಲಿ ಅದೇ ಅಭಿಜಾತ ಅಭಿಸಂಧಾನವಾಗಿದೆ. ಪುಣೆಯಲ್ಲಿ ಕ್ಲಾಸಿಕಲ್ ಎಂದೊಡನೆ ನಿಮಗೆಲ್ಲ ಸವಾಯಿ ಗಂಧರ್ವ ಮಹೋತ್ಸವದ ಪೆಂಡಾಲು ಕಣ್ಣಿಗೆ ಕಟ್ಟಿರಬೇಕು; ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಈ ಊರಿನಲ್ಲಿ ಆರಂಭಿಸಿದ ಉತ್ಸವವದು. ಒಂದು ಶಬ್ದ ಕಿವಿಗೆ ಬಿದ್ದೊಡನೆ ಅದರ ಜೊತೆಗೆ ಅಂಟಿಕೊಂಡ ಇನ್ನೊಂದು ತಾನಾಗಿ ಎದ್ದು ನಿಲ್ಲುತ್ತದೆಯಲ್ಲ, ಇವೊತ್ತಿನ ವಿಷಯ ಅದೇ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕರು ಬಾಯಿ ಹಾಕಿದರೆ ಆಕಳ ಕೆಚ್ಚಲಿಗೆ ಹಾಲು ಇಳಿಯುವುದು ಪ್ರಕೃತಿಧರ್ಮ. ಆದರೆ ಕೆಲವು ದಿನ ಕಳೆದ ಮೇಲೆ ಹಿಂಡುವವಳು ತಂಬಿಗೆಯನ್ನು ನೆಲಕ್ಕೆ ಸದ್ದಾಗುವಂತೆ ಇಟ್ಟರೂ ಸಾಕು, ಆಕೆಯ ದನಿ ಕೇಳಿದರೂ ಸಾಕು, ಹಾಲು ಇಳಿಯತೊಡಗುತ್ತದೆ. ತಂಬಿಗೆಯ ಸದ್ದಿಗೆ ಹಾಲಿಳಿಸುವ ಶಕ್ತಿ ಹುಟ್ಟಿನಿಂದ ಇರಲಿಲ್ಲ. ಕರುವಿನ ಸಂಗಡ ಮತ್ತೆ ಮತ್ತೆ ಬಂದುದರಿಂದ ಅದಕ್ಕೆ ಆ ಶಕ್ತಿ ಬಂದಿತು. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಈ ಸಂಗತಿಯನ್ನು ರಷ್ಯದ ಇವಾನ್ ಪಾವ್ಲೋವರು ಹನಿ ಹನಿಯಾಗಿ ಅಳೆದು ತೋರಿಸಿದರು. 1849ರಲ್ಲಿ ಹುಟ್ಟಿದ ಪಾವ್ಲೋವರು ಮನಶ್ಶಾಸ್ತ್ರಜ್ಞರಲ್ಲ, ಶರೀರಶಾಸ್ತ್ರಜ್ಞರು. 1904ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದುದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕಾಗಿ. ನಾಯಿಯ ಜೊಲ್ಲನ್ನು ಅಳೆಯುತ್ತಿದ್ದಾಗ, ಆಹಾರ ಬಾಯಿಗೆ ಬೀಳುವ ಮೊದಲೇ, ಆಹಾರ ತರುವವನ ಹೆಜ್ಜೆಯ ಸಪ್ಪಳಕ್ಕೇ ಜೊಲ್ಲು ಸುರಿಯುವುದು ಲೆಕ್ಕಕ್ಕೆ ತೊಂದರೆಯಾಗಿ ಪರಿಣಮಿಸಿತು. ಬೇರೊಬ್ಬರಾಗಿದ್ದರೆ ಆ ನಾಯಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದರು. ಪಾವ್ಲೋವರು ಆ ತೊಂದರೆಯನ್ನೇ ಹಿಡಿದರು. ಪಠ್ಯಪುಸ್ತಕಗಳಲ್ಲೆಲ್ಲ ಗಂಟೆಯೇ ಗಂಟೆ. ಅವರು ತಾಳ ಹಾಕುವ ಯಂತ್ರ, ದೀಪ ಮುಂತಾದ ಅನೇಕ ಸಾಧನಗಳನ್ನು ಬಳಸಿದ್ದರು. ಸದ್ದು, ಕೂಡಲೇ ಆಹಾರ. ಸದ್ದು, ಕೂಡಲೇ ಆಹಾರ. ಕೊನೆಗೆ ಬರಿಯ ಸದ್ದಿಗೇ ಜೊಲ್ಲು.

ಅವರ ರಷ್ಯನ್ ಪದದ ನಿಜವಾದ ಅರ್ಥ ‘ಷರತ್ತಿಗೊಳಪಟ್ಟದ್ದು’ ಎಂದಂತೆ. ಬ್ಯಾಂಕಿನವರಾದ ನಮಗೆ ಈ ಮಾತು ಬಹಳ ಹಿಡಿಸಿತು. ಸದ್ದಿನ ನಂತರ ಆಹಾರ ಬರುವುದೆಂಬ ಷರತ್ತು ನಡೆದಷ್ಟು ದಿನ ಜೊಲ್ಲು. ಷರತ್ತು ಮುರಿದು ಬರಿಯ ಸದ್ದನ್ನೇ ಕೇಳಿಸುತ್ತ ಹೋದರೆ ಜೊಲ್ಲೂ ಕ್ರಮೇಣ ನಿಂತುಹೋಗುತ್ತದೆ. ಇದಕ್ಕೆ ವಿಲೋಪ ಎನ್ನುತ್ತಾರೆ. ಆದರೆ ಒಂದು ವಿಶೇಷವನ್ನು ಪಾವ್ಲೋವರೇ ಕಂಡರು. ವಿಲೋಪವಾಯಿತೆಂದು ನಾಯಿಗೆ ವಿಶ್ರಾಂತಿ ಕೊಟ್ಟು, ಸ್ವಲ್ಪ ಕಾಲದ ಮೇಲೆ ಅದೇ ಸದ್ದು ಮಾಡಿದರೆ ಜೊಲ್ಲು ಮತ್ತೆ ಬರುತ್ತದೆ! ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿರಿ.

ಕನ್ನಡ ನಾಡಿಗೆ ಈ ಶಾಸ್ತ್ರ ಇಂದು ನಿನ್ನೆ ಬಂದುದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಪ್ರಸಾರ ನಡೆಸಿದ ಮಹನೀಯರೂ ಇವರೇ. ನಮ್ಮ ಪುಣೆಯ ವಿದ್ಯಾಪೀಠದಲ್ಲಿಯೂ 1950ರಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ವಿಭಾಗ ತೆರೆಯಿತು. ಕೊರವಂಜಿಯ ‘ರಾಶಿ’, ಅಂದರೆ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದುದು ಹಿರಿಯರಿಗೆ ನೆನಪಿರಬಹುದು. ಕನ್ನಡದಲ್ಲಿ ಈ ವಿಷಯ ಹೇಳಲು ಬಾರದು ಎನ್ನುವವರಿಗೆ ಇಷ್ಟು ಸಾಕು.

ಇನ್ನು ಹೊಟ್ಟೆನೋವಿನ ಕಥೆ. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿ ನಿಮಗೆಲ್ಲ ಗೊತ್ತು. ನಾವು ನಾಲ್ಕು ಜನ ಸೇರಿ ಅದನ್ನು ನಡೆಸುತ್ತೇವೆ. ಹತ್ತು ಗಂಟೆಗೆ ಹಿತ್ತಾಳೆಯ ಕೈಗಂಟೆ ಬಾರಿಸುತ್ತೇವೆ, ಕೆಂಪು ಹಳದಿ ಅಕ್ಷರಗಳ ಬಟ್ಟೆಯ ಚೀಲದಲ್ಲಿ ಮಕ್ಕಳು ಪುಸ್ತಕ ತರುತ್ತಾರೆ. ಕಳೆದ ಮೇ ತಿಂಗಳಲ್ಲಿ ನಾವು ಗದಗಿಗೆ ಒಂದು ಮದುವೆಗೆ ಹೋಗಿದ್ದೆವು. ಮಗಳು ಅಂಗಳದಲ್ಲಿ ಆಡುತ್ತಿದ್ದವಳು ಓಡಿ ಬಂದು ಅಜ್ಜಿಗೆ, ‘ಅಜ್ಜಿ, ನಾ ಅವಗ ಚೆಂಡು ಕೊಡಿದೆ’ ಎಂದಳು. ಕೊಟ್ಟೆ ಎನ್ನುವ ಬದಲು ಕೊಡಿದೆ! ಇಡೀ ಪಡಸಾಲೆ ನಕ್ಕಿತು. ಮೂರು ದಿನ ಅವಳಿಗೆ ‘ಕೊಡಿದೆ ಬಾಯಿ’ ಎಂದೇ ಹೆಸರಾಯಿತು. ಬಂದವರೆಲ್ಲರ ಮುಂದೆ, ‘ಇನ್ನೊಮ್ಮೆ ಹೇಳವ್ವಾ’ ಎಂದು ಹೇಳಿಸಿದರು. ನಾವೂ ನಕ್ಕೆವು. ಅಷ್ಟೇ ಅಲ್ಲ, ಪುಣೆಗೆ ಬಂದು ತರಗತಿಯಲ್ಲಿ ಈ ಪ್ರಸಂಗವನ್ನು ವಿನೋದವೆಂದು ಹೇಳಿದವರೂ ನಾವೇ. ಇತರ ಮಕ್ಕಳು ನಕ್ಕರು.

ಜೂನಿನಿಂದ ಅವಳು ಮನೆಯಲ್ಲಿ ಮರಾಠಿಯಲ್ಲಿಯೇ ಉತ್ತರ ಕೊಡತೊಡಗಿದಳು. ಭಾನುವಾರ ಬಟ್ಟೆಯ ಚೀಲ ಗೂಟದಿಂದ ಕೆಳಗಿಳಿದರೆ ಸಾಕು, ‘ಪೋಟಾತ ದುಖತಯ್’ ಎಂದು ಮಂಚದ ಮೇಲೆ ಮುದುಡಿಕೊಳ್ಳುವಳು. ನೆಪವೆಂದು ನಾವು ಗದರಿದೆವು; ನೆಪವಲ್ಲ, ಮಗುವಿನ ಮುಖ ಬಿಳಚಿ ಕೈ ತಣ್ಣಗಾಗುತ್ತಿದ್ದಿತು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ಇಲ್ಲವೆಂದರು. ಮೊದಲು ಚೀಲಕ್ಕೆ, ಆಮೇಲೆ ಗಂಟೆಗೆ, ಆಮೇಲೆ ಗದಗಿನಿಂದ ಬರುವ ದೂರವಾಣಿಗೆ. ಕೊನೆಗೆ ಕನ್ನಡ ಹಾಡು ಹಾಕಿದರೂ ಬೇರೆ ಕೋಣೆಗೆ ಹೋಗತೊಡಗಿದಳು. ಹಾವು ಕಚ್ಚಿದವನು ಹಗ್ಗ ಕಂಡರೂ ಬೆದರುತ್ತಾನೆಂಬ ಗಾದೆ ನಮ್ಮ ಮನೆಯಲ್ಲಿಯೇ ನಿಜವಾಯಿತು.

ಅದೇ ರಾತ್ರಿಗಳಲ್ಲಿ ನಾವು ಒಪ್ಪಿಸಿಕೊಳ್ಳುತ್ತಿದ್ದ ಪಾಠವೇನು? ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬವರು 1920ರಲ್ಲಿ ಪ್ರಕಟಿಸಿದ ಪ್ರಯೋಗ. ಆಲ್ಬರ್ಟ್ ಎಂಬ ಹನ್ನೊಂದು ತಿಂಗಳ ಕೂಸಿಗೆ ಬಿಳಿಯ ಇಲಿಯನ್ನು ತೋರಿಸಿ, ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಹೀಗೆ ಕೆಲವು ಸಲ ಮಾಡುವಷ್ಟರಲ್ಲಿ ಕೂಸು ಬರಿಯ ಇಲಿಗೇ ಅಳತೊಡಗಿತು. ಮೊಲಕ್ಕೂ ನಾಯಿಗೂ ತುಪ್ಪಟದ ಕೋಟಿಗೂ ಅತ್ತಿತು. ಆ ಭಯವನ್ನು ತೆಗೆಯುವ ಮೊದಲೇ ಕೂಸು ಅಲ್ಲಿಂದ ಹೊರಟುಹೋಯಿತು. ಇದನ್ನು ಓದಿ ನಮ್ಮ ಮನೆಯವರು ಪುಸ್ತಕ ಮುಚ್ಚಿ, ‘ಇವರಿಗೆ ಮಕ್ಕಳಿರಲಿಲ್ಲವೇನು?’ ಎಂದರು. ಇದ್ದರು ಎಂದು ಹೇಳುವ ಮನಸ್ಸು ನಮಗಾಗಲಿಲ್ಲ. ಚೀಲದ ಕಡೆ ನೋಡಿದೆವು. ವಾಟ್ಸನ್ನರು ಸುತ್ತಿಗೆ ಹಿಡಿದಿದ್ದರು, ನಾವು ನಗೆ ಹಿಡಿದಿದ್ದೆವು.

ಹೀಗಾಗಿ ಈ ಸಿದ್ಧಾಂತದ ಜಮೆಯ ಕಡೆಗೆ ಮೊದಲು ಬರೆಯಬೇಕಾದ ಮೊತ್ತ ದೊಡ್ಡದೇ. ಭಯ, ನಾಚಿಕೆ, ಅಕ್ಕರೆ, ಅಸಹ್ಯ ಇವು ಒಂದು ವಸ್ತುವಿಗೆ ಹೇಗೆ ಅಂಟಿಕೊಳ್ಳುತ್ತವೆ, ಅಲ್ಲಿಂದ ಅದರಂತಿರುವ ಬೇರೆ ವಸ್ತುಗಳಿಗೆ ಹೇಗೆ ಹರಡುತ್ತವೆ ಎಂಬುದನ್ನು ಇದರಷ್ಟು ಸರಳವಾಗಿ ಹೇಳಿದ ಸಿದ್ಧಾಂತ ಮತ್ತೊಂದಿಲ್ಲ. ಇಲ್ಲಿ ಬುದ್ಧಿವಾದ ನಡೆಯುವುದಿಲ್ಲ. ‘ಕನ್ನಡ ನಮ್ಮ ತಾಯ್ನುಡಿ, ಹೆದರಬಾರದು’ ಎಂದು ಆ ಹೊಟ್ಟೆಗೆ ಭಾಷಣ ಮಾಡಿದರೆ ಅದು ಕೇಳುತ್ತದೆಯೇ? ನಾವು ಮಾಡಿ ನೋಡಿದೆವು, ಕೇಳಲಿಲ್ಲ.

ಚಾಕಲೇಟನ್ನೂ ಮಾಡಿ ನೋಡಿದೆವು. ಒಂದು ವಾಕ್ಯ ಹೇಳಿದರೆ ಒಂದು ಚಾಕಲೇಟು. ಇದು ಪಾವ್ಲೋವರ ದಾರಿಯಲ್ಲ, ಸ್ಕಿನ್ನರರದು. ಪಾವ್ಲೋವರ ನಾಯಿ ಏನೂ ಮಾಡಬೇಕಾಗಿಲ್ಲ, ಸದ್ದಾದ ಮೇಲೆ ಆಹಾರ ಬಂದೇ ಬರುವುದು. ಸ್ಕಿನ್ನರರ ಇಲಿ ಸನ್ನೆಯನ್ನು ಒತ್ತಿದರೆ ಮಾತ್ರ ಕೂಲಿ. ಇವೆರಡನ್ನೂ ಕಲಸಿ ಉತ್ತರ ಬರೆದರೆ ಅಂಕ ಹೋಗುತ್ತದೆಂದು ನಮ್ಮ ಮನೆಯವರು ಎಚ್ಚರಿಸಿದ್ದರು. ಮಗಳು ಒಂದು ವಾಕ್ಯ ಹೇಳಿ, ಚಾಕಲೇಟು ತೆಗೆದುಕೊಂಡು, ಮರಾಠಿಗೆ ಮರಳಿದಳು.

ಇನ್ನು ಖರ್ಚಿನ ಕಡೆ. ಸಿದ್ಧಾಂತವನ್ನು ಪರೀಕ್ಷಿಸುವುದೆಂದರೆ ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಎರಡು ಸಂಗತಿಗಳು ಜೊತೆಜೊತೆಯಾಗಿ ಬಂದರೆ ಸಾಕು, ಯಾವುದು ಬೇಕಾದರೂ ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ ಎಂಬುದು ಹಳೆಯ ನಂಬಿಕೆ. ಗಾರ್ಸಿಯಾ ಮತ್ತು ಕೋಲ್ಲಿಂಗ್ ಎಂಬವರು 1966ರಲ್ಲಿ ಇದು ಹಾಗಲ್ಲವೆಂದು ತೋರಿಸಿದರು. ಇಲಿಗಳಿಗೆ ಸಿಹಿನೀರು ಕುಡಿಸುವಾಗಲೇ ಬೆಳಕು, ಸದ್ದುಗಳನ್ನೂ ಮಾಡಿದರು. ಆಮೇಲೆ ಹೊಟ್ಟೆ ಕೆಡಿಸಿದ ಇಲಿಗಳು ಸಿಹಿಯನ್ನು ದ್ವೇಷಿಸಿದವು, ಬೆಳಕು ಸದ್ದುಗಳನ್ನಲ್ಲ. ವಿದ್ಯುತ್ತಿನ ಆಘಾತ ತಿಂದವು ಬೆಳಕು ಸದ್ದುಗಳಿಗೆ ಹೆದರಿದವು, ಸಿಹಿಗಲ್ಲ. ಮದುವೆಯಲ್ಲಿ ಬಾಸುಂದಿ ಉಂಡು ರಾತ್ರಿ ವಾಂತಿ ಮಾಡಿಕೊಂಡವನು ವರ್ಷಗಟ್ಟಲೆ ಬಾಸುಂದಿಯನ್ನು ಮುಟ್ಟುವುದಿಲ್ಲ; ಅದೇ ಊಟದಲ್ಲಿ ಕೇಳಿದ ಶಹನಾಯಿಯ ಮೇಲೆ ಅವನಿಗೆ ಸಿಟ್ಟಿಲ್ಲ. ನಡುವೆ ಎಷ್ಟೋ ಗಂಟೆಗಳು ಕಳೆದಿದ್ದರೂ ಹೊಟ್ಟೆ ಬಾಸುಂದಿಯ ಮೇಲೆಯೇ ದೂರು ಬರೆಯುತ್ತದೆ. ಪ್ರಾಣಿಯು ಬರಿಯ ಹಾಳೆಯಾಗಿ ಹುಟ್ಟುವುದಿಲ್ಲ. ಯಾವ ಖಾತೆಗೆ ಯಾವ ನಮೂದು ಎಂಬ ಗೆರೆಗಳು ಹಾಳೆಯ ಮೇಲೆ ಮೊದಲೇ ಇರುತ್ತವೆ.

ಇದಕ್ಕಿಂತ ಸೊಗಸಾದುದು ಕಾಮಿನ್ ಎಂಬವರ 1969ರ ಪ್ರಯೋಗ. ಒಂದು ಸಂಕೇತವಾದೊಡನೆ ಆಘಾತ ಬರುತ್ತದೆಂದು ಇಲಿ ಚೆನ್ನಾಗಿ ಕಲಿತ ಮೇಲೆ, ಆ ಸಂಕೇತದ ಜೊತೆಗೆ ಇನ್ನೊಂದನ್ನು ಸೇರಿಸಿದರು. ಎರಡೂ ಜೊತೆಜೊತೆಗೇ ಬಂದವು. ಆಮೇಲೆ ಎರಡನೆಯದನ್ನು ಒಂದನ್ನೇ ಕೊಟ್ಟರೆ ಇಲಿ ಅಷ್ಟಾಗಿ ಹೆದರಲಿಲ್ಲ. ಏಕೆಂದರೆ ಎರಡನೆಯದು ಹೊಸದಾಗಿ ಏನನ್ನೂ ತಿಳಿಸಲಿಲ್ಲ. ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಎಂಬವರು 1972ರಲ್ಲಿ ಇದಕ್ಕೆ ಗಣಿತದ ರೂಪವನ್ನೇ ಕೊಟ್ಟರು: ನಿರೀಕ್ಷಿಸಿದ್ದಕ್ಕೂ ನಡೆದುದಕ್ಕೂ ಅಂತರವಿದ್ದಷ್ಟೇ ಕಲಿಕೆ. ಅಂತರವಿಲ್ಲದಿದ್ದರೆ ಸಾವಿರ ಸಲ ಜೊತೆಯಾಗಿ ಬಂದರೂ ಕಲಿಕೆಯಿಲ್ಲ. ಅಂದಾಜು ಪತ್ರಕಕ್ಕೂ ವಾಸ್ತವ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಹುಡುಕುವುದೇ ಕಸುಬಾದ ನಮಗೆ ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಯವರನ್ನು ಎಬ್ಬಿಸಿ ಹೇಳಿದೆವು. ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿರಿ. ಮಗುವಿಗೆ ಅರ್ಥವಾಗಲೆಂದು ‘ದೂಧ್’ ಎನ್ನುತ್ತೇವೆ, ಬೆನ್ನಿಗೇ ‘ಹಾಲು’ ಎನ್ನುತ್ತೇವೆ. ಮಗುವಿಗೆ ‘ದೂಧ್’ ಎಂದಾಗಲೇ ಲೋಟ ಬರುವುದು ಗೊತ್ತು. ಬೆನ್ನಿಗೆ ಬಂದ ‘ಹಾಲು’ ಹೊಸ ಸಮಾಚಾರವೇನನ್ನೂ ತರಲಿಲ್ಲ. ಅದನ್ನೇಕೆ ಕಿವಿಗೆ ಹಾಕಿಕೊಳ್ಳಬೇಕು? ಇಲಿಯಿಂದ ಮಗುವಿಗೆ ಇಷ್ಟು ದೂರ ಹಾರುವುದು ಶಾಸ್ತ್ರಸಮ್ಮತವಲ್ಲವೆಂದು ನಮಗೂ ಗೊತ್ತು. ಇದನ್ನು ಹೋಲಿಕೆಯೆಂದು ಮಾತ್ರ ತಿಳಿಯಿರಿ. ಆದರೂ ನಮ್ಮ ಮನೆಯಲ್ಲಿ ಈಗ ‘ಹಾಲು’ ಒಂದೇ ಬರುತ್ತದೆ, ಲೋಟದ ಜೊತೆಗೆ.

ಈಗ ‘ಕೊಡಿದೆ’ಗೆ ಬರೋಣ. ಈ ಸಿದ್ಧಾಂತ ನಿಜವಾಗಿ ಮುಗ್ಗರಿಸುವುದು ಇಲ್ಲಿ. ಅನುಬಂಧನದಿಂದ ಬರುವುದು ಯಾವುದೋ ಒಂದರ ಜೊತೆಗೆ ಹಿಂದೆ ಬಂದುದೇ ಆಗಿರಬೇಕು. ‘ಕೊಡಿದೆ’ ಎಂಬ ಶಬ್ದವನ್ನು ಆ ಮಗುವಿನ ಮುಂದೆ ಯಾರು ಆಡಿದ್ದರು? ನಾವು ಆಡಿಲ್ಲ, ಅಜ್ಜಿ ಆಡಿಲ್ಲ, ಗದಗಿನಲ್ಲಿಯಾಗಲಿ ಪುಣೆಯಲ್ಲಿಯಾಗಲಿ ದೊಡ್ಡವರು ಯಾರೂ ಆಡುವುದಿಲ್ಲ. ಹಾಗಾದರೆ ಬಂದುದೆಲ್ಲಿಂದ? ನೋಡು, ನೋಡಿದೆ; ಮಾಡು, ಮಾಡಿದೆ; ಹಾಡು, ಹಾಡಿದೆ; ಓಡು, ಓಡಿದೆ. ಇವನ್ನೆಲ್ಲ ಕೇಳಿದ ಮಗು, ಯಾರೂ ಹೇಳಿಕೊಡದೆ, ಒಳಗೇ ಒಂದು ಸೂತ್ರ ಮಾಡಿಕೊಂಡಿತು. ಆ ಸೂತ್ರವನ್ನು ಹಿಡಿದು ಕೊಡು, ಕೊಡಿದೆ ಎಂದಿತು. ಕೇಳಿದ್ದನ್ನು ಒಪ್ಪಿಸುವ ಗಿಳಿಯಾಗಿದ್ದರೆ ‘ಕೊಟ್ಟೆ’ ಎಂದೇ ಹೇಳುತ್ತಿದ್ದಿತು. ಅಮೆರಿಕದ ಜೀನ್ ಬರ್ಕೊ ಎಂಬ ವಿದುಷಿ 1958ರಲ್ಲಿ ಮಕ್ಕಳಿಗೆ ಕಟ್ಟುಕಥೆಯ ಪ್ರಾಣಿಯೊಂದರ ಚಿತ್ರ ತೋರಿಸಿ, ಇದು ವಗ್ ಎಂದು ಹೇಳಿ, ಇಂಥವು ಎರಡಿದ್ದರೆ ಏನೆನ್ನುತ್ತೀರಿ ಎಂದು ಕೇಳಿದರು. ಎಂದೂ ಕೇಳಿರದ ಆ ಶಬ್ದಕ್ಕೆ ಮಕ್ಕಳು ಬಹುವಚನವನ್ನು ಸರಿಯಾಗಿ ಕೂಡಿಸಿದರು. ನಮ್ಮ ಮಗಳು ಗದಗಿನ ಅಂಗಳದಲ್ಲಿ ಅದನ್ನೇ ಮಾಡಿದ್ದಳು. ಕನ್ನಡದ ವ್ಯಾಕರಣ ಅವಳ ತಲೆಯಲ್ಲಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ನಮಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ಆ ಒಂದು ಶಬ್ದ. ಇಡೀ ಪಡಸಾಲೆ ನಕ್ಕುದು ಅದಕ್ಕೆ.

ನಮ್ಮ ಅಭಿಪ್ರಾಯ ಇಷ್ಟು: ನುಡಿಯನ್ನು ಮಗು ಕಲಿಯುವುದು ಪಾವ್ಲೋವರ ದಾರಿಯಿಂದಲ್ಲ, ಆ ನುಡಿಯನ್ನು ಕಂಡರೆ ಮಗುವಿಗೆ ಹೇಗಾಗುತ್ತದೆ ಎಂಬುದು ಮಾತ್ರ ಬಹುಮಟ್ಟಿಗೆ ಪಾವ್ಲೋವರ ದಾರಿಯಿಂದಲೇ. ಗದಗಿನಲ್ಲಿಯೇ ಬೆಳೆಯುವ ಮಗುವಿಗೆ ಎರಡನೆಯದು ಕೆಟ್ಟರೂ ನಡೆಯುತ್ತದೆ. ಅಂಗಡಿಗೆ ಹೋದರೆ ಕನ್ನಡ, ಶಾಲೆಯಲ್ಲಿ ಕನ್ನಡ, ಜಗಳಕ್ಕೂ ಕನ್ನಡವೇ. ಪುಣೆಯ ಮಗುವಿಗೆ ಹಾಗಲ್ಲ. ಅದಕ್ಕೆ ಮರಾಠಿಯಿದೆ, ಹಿಂದಿಯಿದೆ, ಇಂಗ್ಲಿಷಿದೆ. ಕನ್ನಡವನ್ನು ಬಿಟ್ಟರೆ ಅದರ ದಿನಚರಿಯಲ್ಲಿ ಏನೂ ನಿಲ್ಲುವುದಿಲ್ಲ. ಅಜ್ಜಿಯ ಸಂಗಡ ಮಾತು ನಿಲ್ಲುತ್ತದೆ, ಅಷ್ಟೇ.

ಪರಿಹಾರವನ್ನೂ ಅದೇ ಪಾಠದಲ್ಲಿ ಓದಿದೆವು. ಮೇರಿ ಕವರ್ ಜೋನ್ಸ್ ಎಂಬವರು 1924ರಲ್ಲಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಸಣ್ಣ ಹುಡುಗನ ಭಯ ಬಿಡಿಸಿದರು. ಅವನು ತನಗೆ ಬೇಕಾದುದನ್ನು ತಿನ್ನುತ್ತಿರುವಾಗ ಮೊಲವನ್ನು ಪಂಜರದಲ್ಲಿ ದೂರವಿಟ್ಟು, ಅಳದಷ್ಟು ದೂರದಿಂದ ಆರಂಭಿಸಿ, ದಿನದಿನಕ್ಕೆ ಹತ್ತಿರ ತಂದರು. ಮುಂದೆ 1958ರಲ್ಲಿ ವೋಲ್ಪೆ ಎಂಬ ವೈದ್ಯರು ಇಂಥದನ್ನೇ ದೊಡ್ಡವರ ಚಿಕಿತ್ಸೆಯಾಗಿ ಬೆಳೆಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಭಯರೋಗಗಳಿಗೆ ಇಂದಿಗೂ ನಡೆಯುವ ವರ್ತನಾ ಚಿಕಿತ್ಸೆಗೆ ಮೂಲ ಇಲ್ಲಿದೆ. ಸಿದ್ಧಾಂತವೊಂದು ಗಾಯ ಮಾಡುವ ರೀತಿಯನ್ನೂ ಮಾಯಿಸುವ ರೀತಿಯನ್ನೂ ಒಂದೇ ಸೂತ್ರದಲ್ಲಿ ಹೇಳಿದರೆ ಅದನ್ನು ಹಳೆಯದೆಂದು ತಳ್ಳಿಹಾಕುವುದು ಸುಲಭವಲ್ಲ.

ಗಣೇಶನ ಹಬ್ಬಕ್ಕೆ ಗದಗಿನಿಂದ ನಮ್ಮ ಅವ್ವ, ಅಂದರೆ ಮಗಳ ಅಜ್ಜಿ, ಬಂದರು. ಅವರಿಗೆ ಪಾವ್ಲೋವೂ ಗೊತ್ತಿಲ್ಲ, ಜೋನ್ಸೂ ಗೊತ್ತಿಲ್ಲ. ಚೀಲವನ್ನು ಅಟ್ಟಕ್ಕೆ ಹಾಕಿಸಿದರು. ಅಡಿಗೆಮನೆಯಲ್ಲಿ ಕಡುಬಿಗೆ ಹೂರಣ ತಿರುವುತ್ತ ತಮ್ಮಷ್ಟಕ್ಕೆ ತಾವು ಮಾತನಾಡಿಕೊಂಡರು. ಮಗುವನ್ನು ಏನೂ ಕೇಳಲಿಲ್ಲ. ಮೊದಲ ದಿನ ಅವಳು ಬಾಗಿಲಲ್ಲಿ ನಿಂತಳು. ಮೂರನೆಯ ದಿನ ಹೂರಣದ ಪಾತ್ರೆಯ ಪಕ್ಕದಲ್ಲಿ ಕುಳಿತಿದ್ದಳು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಪಕ್ಕದ ಮನೆಯ ಹುಡುಗನಿಗೆ ಕಡುಬು ಒಯ್ದವಳು ತಿರುಗಿ ಬಂದು, ‘ಅಜ್ಜಿ, ಕೊಡಿದೆ’ ಎಂದಳು. ನಮಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂದಿತು. ತಿದ್ದಲು ಬಾಯಿ ತೆರೆದೆವು. ಅವ್ವ ಸೌಟು ಎತ್ತಿ, ‘ಸುಮ್ಮನಿರಪಾ. ಕೊಟ್ಟೆ ಅನ್ನೂದನ್ನ ನಾಳೆ ಕಲೀತೈತಿ. ಇವತ್ತ ಬಾಯಿ ಬಿಟ್ಟೈತಲ್ಲ’ ಎಂದರು. ‘ಯಾರಿಗೆ ಕೊಟ್ಟೆವಾ?’ ಎಂದು ಅವಳನ್ನೇ ಕೇಳಿದರು. ಅವಳು ಹೇಳಿದಳು.

ಗೆದ್ದೆವೆಂದು ತಿಳಿದು ಮುಂದಿನ ಭಾನುವಾರ ಅವಳನ್ನು ತರಗತಿಗೆ ಕರೆದೊಯ್ದೆವು. ಗಂಟೆ ಬಾರಿಸಿತು. ಹೊಟ್ಟೆನೋವು ಬಂದಿತು. ವಿಲೋಪವಾದ ಮೇಲೂ ಜೊಲ್ಲು ಮರಳಿದ್ದನ್ನು ನೆನಪಿನಲ್ಲಿಡಿರೆಂದು ಕೇಳಿದ್ದು ಇದಕ್ಕಾಗಿ. ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಬರುತ್ತದೆ, ಆ ಹೊಸ ಕಲಿಕೆ ತಾನು ಹುಟ್ಟಿದ ಜಾಗಕ್ಕೆ ಬಹಳವಾಗಿ ಅಂಟಿಕೊಂಡಿರುತ್ತದೆ ಎಂದು ಈಚಿನ ಸಂಶೋಧಕರು ಹೇಳುತ್ತಾರೆ. ನಮ್ಮ ಕಸುಬಿನಲ್ಲಿಯೂ ತಪ್ಪು ನಮೂದನ್ನು ಅಳಿಸುವಂತಿಲ್ಲ; ಎದುರು ನಮೂದು ಹಾಕುತ್ತೇವೆ, ಎರಡೂ ಪುಸ್ತಕದಲ್ಲಿ ಉಳಿಯುತ್ತವೆ. ಅಡಿಗೆಮನೆಯ ಶಾಖೆಯಲ್ಲಿ ಹಾಕಿದ ಎದುರು ನಮೂದು ತರಗತಿಯ ಶಾಖೆಗೆ ತಲುಪಿರಲಿಲ್ಲ.

ಆದುದರಿಂದ ನಾವು ನಾಲ್ವರು ಕುಳಿತು ಯೋಚಿಸಿ ಕೆಲವು ಬದಲಾವಣೆಗಳನ್ನು ಮಾಡಿದ್ದೇವೆ. ಹಿತ್ತಾಳೆಯ ಗಂಟೆಯನ್ನು ಕಪಾಟಿನಲ್ಲಿಟ್ಟಿದ್ದೇವೆ; ಅದನ್ನು ಸಂಘಕ್ಕೆ ಕೊಟ್ಟ ಹಿರಿಯರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಅವರ ಕ್ಷಮೆ ಬೇಡುತ್ತೇವೆ. ತಿಂಗಳಿನ ಎರಡು ಭಾನುವಾರ ತರಗತಿಯು ಸರದಿಯಂತೆ ಸದಸ್ಯರ ಮನೆಗಳ ಅಡಿಗೆಮನೆಯಲ್ಲಿ ನಡೆಯುವುದು. ಮಕ್ಕಳ ತಪ್ಪುಗಳನ್ನು ಬರೆದಿಡಲು ಒಂದು ವಹಿ ಇಟ್ಟಿದ್ದೇವೆ, ತಿದ್ದುವುದಕ್ಕಲ್ಲ, ಯಾವ ಸೂತ್ರದಿಂದ ಬಂತೆಂದು ನೋಡುವುದಕ್ಕೆ. ಮೊದಲ ಪುಟದ ಮೊದಲ ಸಾಲಿನಲ್ಲಿ ‘ಕೊಡಿದೆ’ ಇದೆ. ಎರಡನೆಯದು ಇನ್ನೊಬ್ಬ ಹುಡುಗನ ‘ತರಿದೆ’. ಹೊಟ್ಟೆನೋವು ಅಕ್ಟೋಬರಿನಲ್ಲಿ ಒಂದು ಸಲ ಬಂದಿತು, ಆಮೇಲೆ ಈವರೆಗೆ ಬಂದಿಲ್ಲ. ಬರುವುದೇ ಇಲ್ಲವೆಂದು ಹೇಳಲಾರೆವು.

ಮುಂದಿನ ಭಾನುವಾರದ ಸರದಿ ನಮ್ಮ ಮನೆಯದು. ಬೆಳಿಗ್ಗೆ ಹತ್ತು ಗಂಟೆಗೆ. ಅವ್ವ ಇನ್ನೂ ಇಲ್ಲಿಯೇ ಇದ್ದಾರೆ. ಮಕ್ಕಳನ್ನು ಬರಿಗೈಯಲ್ಲಿ ಕಳುಹಿಸಿರಿ, ಚೀಲ ಬೇಡ.